ಪಾರ್ಲರಿನ ಹುಡುಗಿ ಮತ್ತು ಇಗರ್ಜಿಯ ಹೆಂಗಸರು

ಮದುವೆಯಾಗಿ ಚೆನ್ನೈಗೆ ಬಂದಾಗ ಕುಂದಾಪುರದ ಕನ್ನಡ ಬಿಟ್ಟರೆ ನನ್ನ ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ. ಗಂಡ ಅಲ್ಲಿನ ಗಿಂಡಿ ಎಂಬ ಬಡಾವಣೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಪಿಯುಸಿ ಮುಗಿಸಿದ್ದ ನಾನು ಒಂದೇ ಕೋಣೆಯ ಮನೆಯಲ್ಲಿ ಅವರು ಬರುವುದನ್ನು ಕಾಯುತ್ತ ಕೂರುತ್ತಿದ್ದೆ.

ಬೀದಿಯ ಕೊನೆಯಲ್ಲಿ ಒಂದು ಇಗರ್ಜಿ, ಅಲ್ಲಿಯವರ ಬಾಯಲ್ಲಿ ಚರ್ಚು. ಅಲ್ಲಿನ ಹೆಂಗಸರ ಸಂಘದವರು ಹೊರಗಿನಿಂದ ಬಂದ ಹುಡುಗಿಯರಿಗೆ ಭಾನುವಾರ ಮಧ್ಯಾಹ್ನ ಪಾಠ ಹೇಳುತ್ತಿದ್ದರು. ಸಂಘವನ್ನು ನಡೆಸುತ್ತಿದ್ದವರು ಕೆಲಸದಿಂದ ನಿವೃತ್ತರಾಗಿದ್ದ ತಮಿಳು ನರ್ಸ್ ಒಬ್ಬರು. ಎಲ್ಲರಿಗೂ ಆಂಟಿ. ಹಿಂದೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದವರು. ನಾನು ಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವುದು ಕೇಳಿ ಒಂದು ದಿನ ಅಲ್ಲೇ ನಿಂತರು.

“ಏನಮ್ಮಾ, ಕನ್ನಡವಾ? ಓದಿದ್ದೀಯಾ? ಹಾಗಾದ್ರೆ ಸುಮ್ನೆ ಯಾಕೆ ಕೂತಿದ್ದೀ? ಡಿಗ್ರಿ ಕಟ್ಟು, ಪಾಠ ನಾವು ಸೊಲ್ಲಿಕೊಡ್ತೀವಿ, ಹೇಳಿಕೊಡ್ತೀವಿ.”

ಗಂಡನಿಗೆ ಹೇಳಿದೆ. ಅವರು ಉಣ್ಣುವುದನ್ನು ನಿಲ್ಲಿಸಿದರು. “ಇಗರ್ಜಿಗೆ ಹೋಪುದ್ ಎಂತಕ್ಕೆ? ಊರಲ್ಲಿ ಗೊತ್ತಾರೆ ಎಂತ ಹೇಳ್ತ್ರ್?”

“ಬರೀ ಪಾಠ. ಬೇಕಾರೆ ನೀವೇ ಬಂದ್ ಕಾಣಿ.”

ಬಂದು ನೋಡಿದರು. ಆಂಟಿ ಕೊಟ್ಟ ಕಾಫಿ ಕುಡಿದು ಕೆಲಸಕ್ಕೆ ಹೋದರು. ಅದೇ ಒಪ್ಪಿಗೆ.

ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ನೇಪಾಳದ ಹುಡುಗಿ. ಹತ್ತಿರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಪಾರ್ಲರಿನ ಮೇಲಿನ ಕೋಣೆಯಲ್ಲಿ ಬೇರೆ ಹುಡುಗಿಯರೊಂದಿಗೆ ವಾಸ. ಹತ್ತನೆಯ ತರಗತಿ ಮುಗಿಸಿ ನರ್ಸ್ ಆಗಬೇಕೆಂಬ ಹಟ. ಕೂದಲಿನ ಬಣ್ಣ ಹತ್ತಿ ಕಪ್ಪಾದ ಬೆರಳುಗಳಲ್ಲಿ ಹೃದಯದ ಚಿತ್ರವನ್ನು ಎಷ್ಟು ಚೆನ್ನಾಗಿ ಬರೆಯುತ್ತಿದ್ದಳು! ನಮ್ಮಿಬ್ಬರ ನಡುವೆ ಇದ್ದದ್ದು ಹರಕು ತಮಿಳು. ಅವಳ ತಪ್ಪಿಗೆ ನಾನು, ನನ್ನ ತಪ್ಪಿಗೆ ಅವಳು ನಗುತ್ತಿದ್ದೆವು.

ಮದುವೆಗಳ ಕಾಲ ಬಂತು. ಪಾರ್ಲರಿನ ಮಾಲೀಕ ಅವಳಿಗೆ ಭಾನುವಾರ ಕೊಡುತ್ತಿದ್ದ ಬಿಡುವನ್ನು ನಿಲ್ಲಿಸಿದ. ಪರೀಕ್ಷೆ ಹತ್ತಿರದಲ್ಲಿತ್ತು. ಆಂಟಿ ಸಿಟ್ಟಾದರು. ಸಂಘದ ಕೆಲವರು, ನಾನೂ ಸೇರಿ, ಒಟ್ಟಾಗಿ ಪಾರ್ಲರಿಗೆ ಹೊರಟೆವು. ಇಸ್ತ್ರಿ ಮಾಡಿದ ಸೀರೆಗಳಲ್ಲಿ ಅಷ್ಟು ಹೆಂಗಸರು ಒಳಗೆ ಬಂದದ್ದು ಕಂಡು ಮಾಲೀಕ ಎದ್ದು ನಿಂತ. ಜ್ಯೂಸ್ ತರಿಸಿದ. ಪ್ರತಿ ಮಾತಿಗೂ “ಸರಿ ಅಮ್ಮಾ, ಸರಿ ಅಮ್ಮಾ” ಎಂದ. ಗೆದ್ದೆವೆಂದುಕೊಂಡು ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತ ಮರಳಿದೆವು.

ಮರುದಿನ ಅವಳು ಬ್ಯಾಗು ಹಿಡಿದು ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದಳು. “ನಿನ್ನನ್ನು ಓದಿಸುವವರು ಇದ್ದಾರಲ್ಲ, ಅವರ ಮನೆಯಲ್ಲೇ ಹೋಗಿ ಮಲಗು” ಎಂದು ಮಾಲೀಕ ಹೊರಗೆ ಹಾಕಿದ್ದ.

ಅವಳನ್ನು ಯಾರ ಮನೆಯಲ್ಲಿ ಇಟ್ಟುಕೊಳ್ಳುವುದೆಂದು ಸಂಘದವರು ಸೇರಿದರು. ಒಬ್ಬರ ಮನೆಯಲ್ಲಿ ಬೆಳೆದ ಮಗ. ಇನ್ನೊಬ್ಬರಿಗೆ, ಬೇರೆ ದೇಶದವಳು, ನಾಳೆ ಪೊಲೀಸರು ಬಂದು ಕೇಳಿದರೆ ಎಂಬ ಹೆದರಿಕೆ. ನನ್ನದೋ ಒಂದೇ ಕೋಣೆ. ಯಾರೂ ಕೆಟ್ಟವರಲ್ಲ, ಆದರೆ ಯಾರೂ ಅವಳ ಮುಖ ನೋಡಲಿಲ್ಲ. ಕೊನೆಗೆ ಆಂಟಿಯೇ ಕರೆದುಕೊಂಡು ಹೋದರು. ಅವರಿದ್ದದ್ದು ಮಗನ ಮನೆಯಲ್ಲಿ. ಹುಡುಗಿಗೆ ನಡುಮನೆಯ ಸೋಫಾ ಸಿಕ್ಕಿತು. ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು.

ಹುಡುಗಿಗೆ ಮನೆಯ ಮಾತು ಪೂರ್ತಿ ಅರ್ಥವಾಗದಿದ್ದರೂ ಮೌನ ಅರ್ಥವಾಗುತ್ತಿತ್ತು. ಯಾರಿಗೂ ಹೇಳದೆ ಊರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು. ಅವನು ಬಂದ. ಮೆತ್ತಗಿನ ಮನುಷ್ಯ, ಕೈಮುಗಿದೇ ಮಾತಾಡಿದ. ಊರಿನಲ್ಲಿ ಗಂಡು ನೋಡಿಟ್ಟಾಗಿದೆ ಎಂದ.

“ಪರೀಕ್ಷೆ ಮುಗಿಯೋವರೆಗೆ ಬಿಡಪ್ಪಾ,” ಆಂಟಿ ಬೇಡಿಕೊಂಡರು.

ಅವನು ತಂಗಿಯನ್ನು ನೋಡಿದ. ಉತ್ತರ ಕೊಟ್ಟವಳು ಅವಳೇ. “ಬೇಡ ಆಂಟಿ. ನನ್ನಿಂದ ನಿಮ್ಮ ಮನೆಯಲ್ಲಿ ನೀವು ಒಬ್ಬರೇ ಕೂತು ಉಣ್ಣುವ ಹಾಗಾಯಿತು.”

ಸ್ಟೇಷನ್ನಿಗೆ ಹೋಗಿದ್ದೆವು. ಆಂಟಿ ರೈಲಿನ ಕಿಟಕಿಯೊಳಕ್ಕೆ ವಿಜ್ಞಾನದ ಪುಸ್ತಕ ಕೊಟ್ಟರು. ಅವಳು ಅದನ್ನು ಇಟ್ಟುಕೊಳ್ಳದೆ ನನ್ನ ಕೈಯಲ್ಲಿಟ್ಟಳು. “ಇನ್ಯಾರಾದರೂ ಬರುತ್ತಾರೆ ಅಕ್ಕಾ, ಅವರಿಗೆ ಕೊಡಿ.” ಅವಳು ಅಳಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಮುಂದಿನ ಸಭೆಯಲ್ಲಿ ಆಂಟಿ ಪ್ರಾರ್ಥನೆಗೆ ಎದ್ದು ನಿಂತವರು ಪ್ರಾರ್ಥನೆ ಮಾಡಲಿಲ್ಲ. “ನಾವು ಧೈರ್ಯ ತೋರಿಸಿದ್ವಿ,” ಎಂದು ತಮಿಳಿನಲ್ಲಿ ಹೇಳಿದರು, “ಅದಕ್ಕೆ ಬೆಲೆ ತೆತ್ತವಳು ಅವಳು.” ಒಬ್ಬಿಬ್ಬರು ಬೇಸರದಿಂದ ಸಂಘ ಬಿಟ್ಟರು. ಉಳಿದವರು ಪಾಠದ ಹಾಲಿನ ಪಕ್ಕದ ಸಾಮಾನು ಕೋಣೆಯನ್ನು ಖಾಲಿ ಮಾಡಿಸಿ ಮಂಚ ಹಾಕಿಸಿದರು. ಅಲ್ಲಿಂದ ಮುಂದೆ ಹೊಸ ಹುಡುಗಿ ಬಂದರೆ ಏನು ಓದಿದ್ದೀ ಎಂದು ಮೊದಲು ಕೇಳುವುದಿಲ್ಲ. ಎಲ್ಲಿ ಮಲಗುತ್ತೀ, ಆ ಜಾಗ ಯಾರದು ಎಂದು ಕೇಳುತ್ತೇವೆ. ಯಾವ ಹುಡುಗಿಯ ಮಾಲೀಕನ ಹತ್ತಿರವೂ ಆ ಹುಡುಗಿಯನ್ನು ಕೇಳದೆ ಹೋಗುವುದಿಲ್ಲ.

ನಾನು ಡಿಗ್ರಿ ಮುಗಿಸಿದೆ. ಈಗ ಭಾನುವಾರ ಅದೇ ಹಾಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಅವಳು ಕೊಟ್ಟು ಹೋಗಿದ್ದ ನೇಪಾಳದ ನಂಬರು ಕೆಲವು ತಿಂಗಳು ರಿಂಗಾಯಿತು, ಆಮೇಲೆ ಅದೂ ಇಲ್ಲ. ಆಂಟಿ ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ನಮ್ಮ ಹುಡುಗಿಯೊಬ್ಬಳಿಗೆ ನರ್ಸಿಂಗ್ ಸೀಟು ಸಿಕ್ಕಿದ ಸುದ್ದಿ ಹೇಳಿದೆ. ತಲೆಯಾಡಿಸಿದರು.

“ಅವಳ ಸುದ್ದಿ ಏನಾದ್ರೂ ಬಂತಾಮ್ಮಾ?”

ಇಲ್ಲ ಎಂದೆ. “ಆ ನಂಬರು ಇನ್ನೊಂದು ಸಲ ಮಾಡಿ ನೋಡು” ಎಂದರು.