ಬಾಯಿಪಾಠದ ಗುಡ್ಡಗಳು

ಯಾವ ತರಗತಿಗಾದರೂ ಹೋಗಿ, ಒಂದು ಖಾಲಿ ಹಾಳೆ ಕೊಟ್ಟು, ಇಷ್ಟ ಬಂದ ಚಿತ್ರ ಬರೆಯಿರಿ ಎಂದು ಹೇಳಿ ನೋಡಿ. ಎರಡು ಗುಡ್ಡ ಬರುತ್ತವೆ. ನಡುವೆ ಅರ್ಧ ಸೂರ್ಯ, ಅವನ ಸುತ್ತ ಸ್ಕೇಲು ಹಿಡಿದು ಎಳೆದ ಕಿರಣ. ಗುಡ್ಡದ ಸಂದಿಯಿಂದ ಒಂದು ನದಿ, ನದಿಯ ಪಕ್ಕ ಗುಡಿಸಲು, ಗುಡಿಸಲಿನ ಪಕ್ಕ ಬಾಗಿದ ತೆಂಗಿನಮರ, ಆಕಾಶದಲ್ಲಿ ಒಂದಿಷ್ಟು ಕಾಗೆ. ಇದಕ್ಕೆ ಮಕ್ಕಳು ‘ಸೀನರಿ’ ಎನ್ನುತ್ತಾರೆ. ನಮ್ಮ ಶಾಲೆ ಇರುವುದು ದಾವಣಗೆರೆಯ ಮಂಡಿಪೇಟೆಗೆ ಹತ್ತಿರ. ಕಿಟಕಿ ತೆರೆದರೆ ಕಾಣುವುದು ಗೋದಾಮಿನ ತಗಡು, ಹಮಾಲರು, ಚೀಲ ಇಳಿಸುವ ಲಾರಿ. ಆದರೂ ಗುಡ್ಡ ಬಂದೇ ಬರುತ್ತದೆ. ನನಗೆ ಮೈ ಉರಿಯುತ್ತದೆ.

ನಾನು ಅಲ್ಲಿ ಚಿತ್ರಕಲಾ ಶಿಕ್ಷಕಿ. ಮನೆ ಹರಿಹರದಲ್ಲಿ. ದಿನಾ ಬಸ್ಸಿನ ಓಡಾಟ. ಸೀಟು ಸಿಕ್ಕಿದರೂ ಅರ್ಧ ದಾರಿಗೆ ಎದ್ದು ಬಾಗಿಲ ಹತ್ತಿರ ನಿಲ್ಲುವ ಜಾತಿ ನಾನು. ತರಗತಿಯಲ್ಲೂ ಅಷ್ಟೆ, ಕುರ್ಚಿ ಇದ್ದರೂ ಅದರಲ್ಲಿ ನನ್ನ ಬ್ಯಾಗು ಕೂರುತ್ತದೆ. ಬೆಂಚುಗಳ ನಡುವೆ ಓಡಾಡುತ್ತಲೇ ಇರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯ ಎಂದು ನನ್ನ ಅವ್ವ ಬೈಯುತ್ತಿದ್ದಳು. ಇದರ ಮೇಲೆ ಗಣಿತದ ಮೇಷ್ಟ್ರು ಬೇರೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

“ಮೇಡಂ, ಡ್ರಾಯಿಂಗ್ ಪೀರಿಯಡ್ ಒಂದು ನನಗ ಕೊಡ್ರಿ. ಪೋರ್ಷನ್ ಮುಗಿದಿಲ್ಲ.”

“ಕೊಡ್ತೀನಿ. ನಿಮ್ಮ ಪೀರಿಯಡ್ ನನಗ ಯಾವಾಗ ಕೊಡ್ತೀರಿ?”

ಅವರು ಇದನ್ನು ತಮಾಷೆ ಎಂದುಕೊಂಡು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ.

ಹೀಗೆ ವಾರದ ಪೀರಿಯಡ್ಡುಗಳು ಕೈಬಿಟ್ಟು ಹೋಗತೊಡಗಿದ ಮೇಲೆ ನಾನು ಶನಿವಾರ ಹಿಡಿದುಕೊಂಡೆ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಯಾರಿಗೆ ಇಷ್ಟವೋ ಅವರು ಉಳಿಯಬಹುದು. ಬಾಗಿಲಲ್ಲಿ ರಾಶಿ ಬಿದ್ದ ಚಪ್ಪಲಿ, ಪಕ್ಕದವಳ ಜಡೆ, ನಲ್ಲಿಯ ಕೆಳಗಿನ ಬಕೆಟ್ಟು, ಇಂಥವನ್ನು ನೋಡಿ ನೋಡಿ ಬರೆಯಬೇಕು. ರಬ್ಬರ್ ಇಲ್ಲ, ಬರುವಾಗಲೇ ಅದನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಬರಬೇಕು. ಚೆನ್ನಾಗಿದೆ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಹಾಳೆ ನೋಡಿ, “ಹ್ಞೂಂ, ಇನ್ನೊಂದು ಬರಿ” ಎನ್ನುತ್ತೇನೆ. ಹೊಸಬರು ಅದನ್ನು ಬೈಗುಳ ಎಂದುಕೊಳ್ಳುತ್ತಾರೆ. ಹಳಬರು ಅವರಿಗೆ ತಿಳಿಹೇಳುತ್ತಾರೆ: “ಮಿಸ್ ಇನ್ನೊಂದು ಅಂದ್ರ ಪಾಸಾದಂಗ.”

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಒಂದು ಶನಿವಾರವೂ ತಪ್ಪಿಸುತ್ತಿರಲಿಲ್ಲ. ಅವಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಕಾದ ಮರಳಿಗೆ ಅಕ್ಕಿ ಸುರಿದು, ಕದಡಿ, ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು ತೆಗೆಯುವ ಕೆಲಸ. ಮನೆ ಭಟ್ಟಿಯ ಹಿಂದೆಯೇ. ಹುಡುಗಿಯ ಕೈ ಒಳ್ಳೆಯದು, ಗೆರೆ ನಡುಗುತ್ತಿರಲಿಲ್ಲ. ಆದರೆ ಆ ಕೈಯಿಂದ ಬರುತ್ತಿದ್ದದ್ದು ಬರೀ ಗುಡ್ಡ. ಚಪ್ಪಲಿ ಬರೆ ಎಂದರೆ ಚಪ್ಪಲಿ ಬರೆದು, ಅದರ ಹಿಂದೆ ಗುಡ್ಡ ಹಾಕುತ್ತಿದ್ದಳು. ಪ್ರೈಮರಿಯಲ್ಲಿ ಆ ಸೀನರಿಗೆ ಮೊದಲ ಬಹುಮಾನ ಬಂದಿತ್ತಂತೆ. ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ಹಾಕಿದ್ದರು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಈ ಗುಡ್ಡ ಎಲ್ಲಿ ನೋಡಿದಿ ಹೇಳು?”

“ಹಾಳಿ ಮ್ಯಾಲೆ, ಮಿಸ್.”

ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು, ಆದರೆ ಸಿಟ್ಟು ಇಳಿಯಲಿಲ್ಲ.

ನಿಜವಾದ ನದಿಯನ್ನಾದರೂ ನೋಡಲಿ ಎಂದು ಒಂದು ಭಾನುವಾರ ಎಲ್ಲರನ್ನೂ ಹರಿಹರಕ್ಕೆ ಕರೆದೊಯ್ದೆ. ತುಂಗಭದ್ರೆಯ ದಂಡೆಯಲ್ಲಿ ಕೂರಿಸಿದೆ. ಎದುರಿಗೆ ಸೇತುವೆ, ಅದರ ಮೇಲೆ ಲಾರಿ ಸಾಲು, ಕೆಳಗೆ ಎಮ್ಮೆಗಳು, ಬಂಡೆಯ ಮೇಲೆ ಒಣಗಲು ಹರವಿದ ಸೀರೆಗಳು. ಎಷ್ಟೊಂದಿದೆ ಬರೆಯಲಿಕ್ಕೆ ಎಂದು ನನಗೇ ಕೈ ತುರಿಸುತ್ತಿತ್ತು. ಒಂದು ಸುತ್ತು ಹಾಕಿ ಬಂದು ನೋಡುತ್ತೇನೆ, ಇವಳು ಬಿಸಿಲು ಕಣ್ಣಿಗೆ ಬೀಳುತ್ತದೆಂದು ನದಿಗೆ ಬೆನ್ನು ಹಾಕಿ ಕೂತು ನದಿ ಬರೆಯುತ್ತಿದ್ದಾಳೆ. ಎರಡು ಗುಡ್ಡ ಆಗಲೇ ಮುಗಿದಿದ್ದವು.

ಮುಂದಿನ ಶನಿವಾರ ಅವಳೇ ಬಂದು ಮೇಜಿನ ಹತ್ತಿರ ನಿಂತಳು.

“ಮಿಸ್, ತಾಲ್ಲೂಕು ಕಾಂಪಿಟಿಷನ್‌ಗೆ ನನ್ನ ಹೆಸ್ರು ಬರೀರಿ.”

“ಯಾಕ, ಅಷ್ಟು ಅವಸರ?”

“ಪ್ರೈಜ್ ಬಂದ್ರ ಮುಂದ ಕಲಿ ಅಂದಾರ ನಮ್ಮ ಅಬ್ಬಾ. ಇಲ್ಲಾಂದ್ರ ಶನಿವಾರ ಮನೀಗೆ ಬರ್ಬೇಕಂತ. ಅಮ್ಮಿ ಒಬ್ಬಾಕಿಗೇ ಜರಡಿ ಕೆಲಸ ಆಗಂಗಿಲ್ಲ.”

ಹೇಳುವಾಗ ಅವಳ ಕಣ್ಣು ಕೆಳಗಿತ್ತು. ಅವಳ ಶನಿವಾರಗಳು ಒಂದು ಬಹುಮಾನಕ್ಕೆ ನೇತುಬಿದ್ದಿವೆ ಎಂದು ಆಗ ನನಗೆ ತಿಳಿಯಿತು. ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು.

ಸ್ಪರ್ಧೆಗಳ ಕಥೆ ನನಗೆ ಗೊತ್ತು. ಮೇಷ್ಟ್ರುಗಳು ಒಂದು ಚಿತ್ರವನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ವಿಷಯ ಏನೇ ಕೊಡಲಿ, ಮಕ್ಕಳು ಅದನ್ನೇ ಇಳಿಸಿ ಬರುತ್ತಾರೆ. ಬಣ್ಣ ಗೆರೆ ದಾಟದೆ ನಿಂತಿದ್ದರೆ ತೀರ್ಪುಗಾರರಿಗೆ ಅಷ್ಟೇ ಸಾಕು. ಈ ಹುಡುಗಿ ಗುಡ್ಡ ಬರೆದರೆ ಬಹುಮಾನ ಹೆಚ್ಚುಕಡಿಮೆ ಖಾತ್ರಿ. ಗುಡ್ಡ ಬಿಡು ಎಂದು ನಾನು ಹೇಳಿ, ಬಹುಮಾನ ತಪ್ಪಿ, ಅವಳು ಮನೆ ಸೇರಿದರೆ? ಗುಡ್ಡವನ್ನೇ ಬರೆ ಎಂದರೆ ಇಷ್ಟು ದಿನ ನಾನು ಕಲಿಸಿದ್ದಾದರೂ ಏನು? ಬಸ್ಸಿನ ಬಾಗಿಲಲ್ಲಿ ನಿಂತು ಇದೇ ಯೋಚನೆ. ಒಂದು ದಿನ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದೆ.

ಕೊನೆಗೆ ಎರಡನ್ನೂ ಹೇಳಲಿಲ್ಲ. ಅವಳಿಗೆ ಮನೆಯಲ್ಲಿ ಕಂಡದ್ದನ್ನು ಬರೆಯಲು ಹೇಳಿದೆ. “ನಮ್ಮನೀಲಿ ಬರೀ ಹೊಗಿ ಐತೆ, ಮಿಸ್” ಎಂದಳು. ಹೊಗೆಯನ್ನೇ ಬರೆ ಎಂದೆ. ಒಲೆಯ ಇದ್ದಿಲು ತಂದು ಉಜ್ಜಿದಳು. ಅಬ್ಬಾನನ್ನು ಬರೆಯಲು ಕೂತಾಗ ಮುಖ ಒಂದೂ ಸರಿ ಬರಲಿಲ್ಲ. ರಬ್ಬರ್ ಕೊಡಿ ಎಂದು ಅಳುಮೋರೆ ಮಾಡಿದಳು. “ಮುಖ ಬರದಿದ್ರ ಬೆನ್ನು ಬರಿ. ದಿನಾ ನೀ ನೋಡೋದು ಅದೇ ಅಲ್ಲ?” ಎಂದೆ. ಅದು ಬಂತು. ಒಂದಾದ ಮೇಲೊಂದು ಬಂತು. ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ನಾನು ಓಡಾಡುವುದನ್ನು ಮರೆತು ನಿಂತೆ. ಖುಷಿ ಎಂದರೆ ನನಗೆ ಅದೇ. ಇನ್ನೊಂದು ಬರಿ ಎಂದೆ, ಅವಳು ನಕ್ಕಳು.

ಸ್ಪರ್ಧೆ ನಡೆದದ್ದು ನಗರದ ಬೇರೊಂದು ಶಾಲೆಯ ಹಾಲಿನಲ್ಲಿ. ವಿಷಯವನ್ನು ಅಲ್ಲೇ ಹೇಳಿದರು: ನನ್ನ ಊರು. ಶಿಕ್ಷಕರು ಹೊರಗಿರಬೇಕು. ಉಳಿದವರು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದರೆ ನಾನು ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದೆ. ಅವಳು ಕಂಡಳು. ಹಾಳೆಯ ಮೇಲೆ ಪೆನ್ಸಿಲ್ಲು ಏರಿತು, ಇಳಿಯಿತು, ಮತ್ತೆ ಏರಿತು. ಗುಡ್ಡ. ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಸದ್ಯ, ಬಹುಮಾನ ಬರುತ್ತದೆ, ಶನಿವಾರ ಉಳಿಯುತ್ತದೆ ಎಂದು ನಿಟ್ಟುಸಿರು ಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಗಿ ಅಲ್ಲಿಂದ ಸರಿದುಹೋದೆ.

ಮತ್ತೊಂದು ಸುತ್ತು ಬರುವಷ್ಟರಲ್ಲಿ ಅವಳು ಹಾಳೆಯನ್ನೇ ಮಗುಚಿ ಹಾಕಿದ್ದಳು. ಹಿಂಬದಿಯಲ್ಲಿ ಬರೆಯುತ್ತಿದ್ದಳು, ತಲೆ ಎತ್ತದೆ, ಬೆರಳು ಕಪ್ಪು ಮಾಡಿಕೊಂಡು. ಸ್ಪರ್ಧೆಯ ಹಾಳೆಗೆ ಮುಂಬದಿಯಲ್ಲಿ ಸೀಲು ಒತ್ತಿರುತ್ತಾರೆ. ಮನೆಯಲ್ಲಿ ಬರೆದು ತಂದ ಹಾಳೆಯನ್ನು ಯಾರೂ ಸೇರಿಸಬಾರದೆಂದು ಹಾಗೆ ಮಾಡುತ್ತಾರೆ. ಚಿತ್ರ ಸೀಲು ಇದ್ದ ಕಡೆಗೇ ಇರಬೇಕು. ನಾನು ಶನಿವಾರಗಳಲ್ಲಿ ಕೊಡುತ್ತಿದ್ದದ್ದು ಒಂದು ಬದಿ ಅಚ್ಚಾದ ಹಳೆಯ ಕಾಗದ. ಹಿಂಬದಿಯಲ್ಲಿ ಬರೆಯುವುದೇ ನಮ್ಮಲ್ಲಿ ರೂಢಿ. ಕಿಟಕಿ ಬಡಿದೆ. ಒಳಗಿದ್ದವರು ನನ್ನನ್ನು ಗದರಿಸಿ ಕಳಿಸಿದರು.

ಸಂಜೆ ಫಲಿತಾಂಶದಲ್ಲಿ ಅವಳ ಹೆಸರಿರಲಿಲ್ಲ. ಮೊದಲ ಬಹುಮಾನ ಬಂದದ್ದು ಎರಡು ಗುಡ್ಡಕ್ಕೆ. ಬೇರೆ ಶಾಲೆಯ ಹುಡುಗನ ಗುಡ್ಡ. ಮೇಜಿನ ಹಿಂದೆ ಕೂತವರೊಡನೆ ಜಗಳಕ್ಕೇ ನಿಂತೆ.

“ಚಿತ್ರ ಚಲೋ ಐತೆ, ಮೇಡಂ, ಇಲ್ಲ ಅನ್ನಲ್ಲ. ಆದ್ರ ಸೀಲು ಆ ಕಡೆ ಐತೆ. ರೂಲ್ಸು ಅಂದ್ರ ರೂಲ್ಸು.”

“ಹಂಗಾದ್ರ ಹಾಳಿ ಕೊಡ್ರಿ. ರದ್ದಿಗೆ ಹಾಕಬ್ಯಾಡ್ರಿ.”

ಹಾಳೆ ವಾಪಸ್ ಕೊಡುವ ಪದ್ಧತಿ ಇಲ್ಲ ಎಂದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಪೀಡೆ ತೊಲಗಲಿ ಎಂಬಂತೆ ಕೈಗೆ ಹಾಕಿದರು. ಹುಡುಗಿ ಗೇಟಿನ ಹತ್ತಿರ ನಿಂತಿದ್ದಳು, ಅತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಅವಳ ಅಪ್ಪ ಶಾಲೆಗೆ ಬಂದರು. ಕೆಲಸದಿಂದ ಸೀದಾ ಬಂದಿದ್ದರು, ಅಂಗಿಯ ತೋಳಿಗೆ ಬೂದಿ ಹತ್ತಿತ್ತು. ಮಗಳು ಎರಡು ಹೆಜ್ಜೆ ಹಿಂದೆ.

“ಕೂಡ್ರಿ” ಎಂದೆ.

“ಇಲ್ರೀ, ಹೋಗ್ಬೇಕು. ಶನಿವಾರದ ವಿಚಾರ ಹೇಳಿ ಹೋಗಾಣ ಅಂತ ಬಂದೆ. ಇನ್ಮುಂದ ಇಕಿ ಉಳಿಯಂಗಿಲ್ಲ, ಮೇಡಂ. ತಪ್ಪು ತಿಳೀಬ್ಯಾಡ್ರಿ.”

ಬೀರು ತೆಗೆದು ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರಿಗೆ ಮೊದಲು ಕಂಡದ್ದು ಅರ್ಧಕ್ಕೆ ಬಿಟ್ಟ ಗುಡ್ಡಗಳು. ಮುಖ ಅರಳಿತು.

“ಚಲೋ ಬಂದಿತ್ತಲ್ಲ! ಯಾಕ ಬಿಟ್ಟಿ?”

“ಹಿಂದ ನೋಡ್ರಿ” ಎಂದೆ.

ಮಗುಚಿದರು. ಭಟ್ಟಿಯ ಕತ್ತಲು, ಮೇಲೆಲ್ಲ ಹೊಗೆ, ನಡುವೆ ಬೆಂಕಿಯ ಕಡೆಗೆ ಬಾಗಿದ ಒಬ್ಬ ಮನುಷ್ಯನ ಬೆನ್ನು. ಮೊದಲು ಸಿಟ್ಟಾದರು.

“ಈ ಹೊಗಿ ಯಾಕ ತೋರಿಸ್ದಿ? ಮೊದ್ಲೇ ಊರಾಗ ಎಲ್ಲಾರೂ ನಮ್ಮ ಹೊಗಿಗೆ ಬೈತಾರ.”

ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದರು. ಬಹಳ ಹೊತ್ತು ನೋಡಿದರು.

“ನಾ ಇಷ್ಟು ಬಗ್ಗೀನಾ?”

ಆ ಪ್ರಶ್ನೆ ನನಗೋ ಮಗಳಿಗೋ ತಿಳಿಯಲಿಲ್ಲ. ಅವರ ಎಡಗೈ ತಾನಾಗಿ ಸೊಂಟದ ಹಿಂದಕ್ಕೆ ಹೋಯಿತು. ಆಮೇಲೆ ಹಾಳೆಯನ್ನು ಮೆಲ್ಲಗೆ ಸುರುಳಿ ಸುತ್ತಿ ನನ್ನ ಮೇಜಿನ ಮೇಲಿಟ್ಟರು.

“ಇದು ಇಲ್ಲೇ ಇರ್ಲಿ, ಮೇಡಂ. ಮನೀಗೆ ಬ್ಯಾಡ. ಇವರಮ್ಮ ನೋಡಿದ್ರ ಅಳ್ತಾಳ.”

ಮನೆಯಲ್ಲಿ ಅಪ್ಪನೊಡನೆ ಉರ್ದುವಿನಲ್ಲೇ ಮಾತಾಡುವ ಹುಡುಗಿ, ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲಿ ಹೇಳಿದಳು.

“ಅಮ್ಮಿಗೆ ಗೊತ್ತಿಲ್ಲೇನು, ಅಬ್ಬಾ? ದಿನಾ ಬೆನ್ನಿಗೆ ಎಣ್ಣಿ ತಿಕ್ಕೋದು ಯಾರು?”

ಅವರು ಮಗಳ ಮುಖ ನೋಡಿದರು. ಅವಳು ಇಷ್ಟೆಲ್ಲ ನೋಡುತ್ತಾಳೆಂದು ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲ ಎನಿಸಿತು. ಅವರು ತೋಳಿನ ಬೂದಿ ಕೊಡವಿಕೊಂಡು, ಇಟ್ಟ ಸುರುಳಿಯನ್ನು ಮತ್ತೆ ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡರು. ಬಾಗಿಲ ತನಕ ಹೋಗಿ, ತಿರುಗದೆಯೇ ಕೇಳಿದರು.

“ಶನಿವಾರ ಇಕಿನ್ನ ಎಷ್ಟೊತ್ತಿಗೆ ಬಿಡ್ತೀರಿ, ಮೇಡಂ?”