ಹಾಳೆ ಮಗುಚುವ ಜಾಗ

ನನ್ನ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಕಡಲೆಬೇಳೆಯಷ್ಟು ದೊಡ್ಡದೊಂದು ಗಂಟಿದೆ. ಪೆನ್ನು ಒತ್ತಿ ಒತ್ತಿ ಆದದ್ದು. ಹೊಸಬರು ನೋಡಿದರೆ ಇವರು ಟೀಚರಾಗಿದ್ದರೇನೋ ಎಂದುಕೊಳ್ಳುತ್ತಾರೆ, ನಾನೂ ಅವರನ್ನು ತಿದ್ದಲು ಹೋಗುವುದಿಲ್ಲ. ಓದಿದ್ದು ಐದನೇ ಕ್ಲಾಸು. ಆ ಐದನೆಯದನ್ನಾದರೂ ಪೂರ್ತಿ ಮಾಡಿದೆನೋ ಇಲ್ಲವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಆದರೂ ನಾನು ಬರೆದಷ್ಟು ಪುಟ ಬರೆದವರು ನಮ್ಮ ಭದ್ರಾವತಿಯಲ್ಲಿ ಹೆಚ್ಚು ಜನ ಇರಲಾರರು. ಬರೆದದ್ದು ಏಳೇ ಅಕ್ಷರ. ಸ ರಿ ಗ ಮ ಪ ದ ನಿ. ಅವನ್ನೇ ಹಿಂದೆ ಮುಂದೆ ಮಾಡಿಕೊಂಡು ಮೂವತ್ತೈದು ವರ್ಷ ಬರೆದೆ.

ಇಷ್ಟು ಪೀಠಿಕೆ ಯಾಕೆಂದರೆ, ನಿಮ್ಮ ಹತ್ತಿರ ಒಂದು ವಿಷಯ ಒಪ್ಪಿಕೊಳ್ಳಬೇಕಾಗಿದೆ. ಎಪ್ಪತ್ತು ದಾಟಿದ ಮೇಲೆ ನನಗೆ ಒಂದು ಲ್ಯಾಪ್‌ಟಾಪಿನ ಮೇಲೆ ಹೊಟ್ಟೆಕಿಚ್ಚು ಬಂತು. ಪಕ್ಕದ ಮನೆಯವರ ಸೀರೆಯ ಮೇಲೋ ಬೀಗಿತ್ತಿಯ ಬಳೆಯ ಮೇಲೋ ಬಂದಿದ್ದರೆ ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬಹುದಿತ್ತು. ಯಂತ್ರದ ಮೇಲೆ ಬಂದ ಹೊಟ್ಟೆಕಿಚ್ಚನ್ನು ಯಾರಿಗೆ ಹೇಳುವುದು?

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದವರು. ಶಿಫ್ಟು ಇಲ್ಲದ ಹೊತ್ತಿನಲ್ಲಿ ಅವರ ಬಾಯಲ್ಲಿ ಕ್ಲಾರಿನೆಟ್. ಅವರಂಥವರೇ ಎಂಟು ಜನ ಸೇರಿ ಮದುವೆ ಮೆರವಣಿಗೆಗೆ ನುಡಿಸುವ ಒಂದು ಬ್ಯಾಂಡ್ ಸೆಟ್ ಕಟ್ಟಿದರು. ಹೊಸ ಹಾಡು ಬಂದರೆ ಇವರು ರೇಡಿಯೋದಲ್ಲಿ ಕೇಳಿ ಸ್ವರ ಹಿಡಿದು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಕ್ಲಾರಿನೆಟ್ಟಿಗೆ ಬೇರೆ, ಟ್ರಂಪೆಟ್ಟಿಗೆ ಬೇರೆ, ಸ್ಯಾಕ್ಸೊಫೋನಿಗೆ ಬೇರೆ. ನನಗೆ ಹಾಡಲು ಬರುವುದಿಲ್ಲ. ನಾನು ಜೋಗುಳ ಹಾಡಿದರೆ ಮಗು ಎದ್ದು ಕೂರುತ್ತಿತ್ತು. ಸಂಗೀತದಲ್ಲಿ ನನಗೆ ಗೊತ್ತಿರುವುದು ಕಾಗದದ ಮೇಲಿನ ಭಾಗ ಮಾತ್ರ.

ಮೆರವಣಿಗೆಯಲ್ಲಿ ನಡೆಯುತ್ತಾ ನುಡಿಸುವವನು ಹಾಳೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು, ಹೇಳಿ? ಎರಡು ಕೈಯೂ ವಾದ್ಯದ ಮೇಲೆ. ಅದಕ್ಕೆ ನಮ್ಮವರು ಕಂಡುಕೊಂಡ ದಾರಿಯೆಂದರೆ ಮುಂದಿನವನ ಬೆನ್ನು. ಮುಂದಿನ ಸಾಲಿನವನ ಅಂಗಿಗೆ ಪಿನ್ನು ಚುಚ್ಚಿ ಹಿಂದಿನವನ ಹಾಳೆಯನ್ನು ಸಿಕ್ಕಿಸುವುದು. ನಮ್ಮ ಯಜಮಾನರು ಓದುತ್ತಿದ್ದುದು ಟ್ರಂಪೆಟ್ಟಿನ ಸೆಲ್ವರಾಜರ ಬೆನ್ನನ್ನು. ಮೊದಲ ಸಲ ಇಂಕಿನಲ್ಲಿ ಬರೆದುಕೊಟ್ಟೆ. ಮೆರವಣಿಗೆ ಮೂರನೇ ಬೀದಿಗೆ ಬರುವಷ್ಟರಲ್ಲಿ ಬೆವರಿಗೆ ಸ್ವರವೆಲ್ಲ ಕರಗಿ ಅಂಗಿಗೆ ಇಳಿದಿತ್ತು. ಮಾರನೆಯ ದಿನ ಸೆಲ್ವರಾಜರ ಹೆಂಡತಿ ಆ ಅಂಗಿಯನ್ನು ತಂದು ನಮ್ಮ ಬಾಗಿಲಲ್ಲಿ ಹರಡಿ, ಇದನ್ನು ಒಗೆಯಬೇಕೋ ಬಾರಿಸಬೇಕೋ ಎಂದು ಕೇಳಿದರು. ಅಂದಿನಿಂದ ಪೆನ್ಸಿಲ್ಲು ಹಿಡಿದೆ. ಬಾಲ್‌ಪೆನ್ನು ಬಂದ ಮೇಲೆ ಅದು. ಅಕ್ಷರ ಹೆಬ್ಬೆರಳಿನ ಉಗುರಿನಷ್ಟು. ಮೇಲಿನ ಸ್ಥಾಯಿಗೆ ತಲೆಯ ಮೇಲೆ ಚುಕ್ಕಿ, ಕೆಳಗಿನದಕ್ಕೆ ಕಾಲಡಿಯಲ್ಲಿ ಚುಕ್ಕಿ. ಒಂದರ ಚುಕ್ಕಿ ಇನ್ನೊಂದರದ್ದು ಅನ್ನಿಸಬಾರದೆಂದು ಸಾಲಿಗೂ ಸಾಲಿಗೂ ನಡುವೆ ಎರಡು ಬೆರಳು ಜಾಗ. ಸೆಲ್ವರಾಜರಿಗೆ ಕನ್ನಡ ಓದಲು ಬಾರದು ಎಂದು ತಿಳಿದಾಗ ಅವರ ಹೆಂಡತಿಯಿಂದಲೇ ತಮಿಳಿನ ಸರಿಗಮ ಕಲಿತೆ. ಇವತ್ತಿಗೂ ನನಗೆ ತಮಿಳಿನಲ್ಲಿ ಏಳೇ ಅಕ್ಷರ ಬರುವುದು. ಅದರಲ್ಲಿ ಒಂದು ಬಸ್ಸಿನ ಬೋರ್ಡನ್ನೂ ಓದಲಾಗುವುದಿಲ್ಲ.

ಹಾಡು ಉದ್ದವಾದರೆ ಎರಡು ಹಾಳೆ. ಮೊದಲನೆಯದು ಮುಗಿದಾಗ ಅದನ್ನು ಮೇಲಕ್ಕೆತ್ತಿ ಮುಂದಿನವನ ಕಾಲರಿಗೆ ಸಿಕ್ಕಿಸಬೇಕು. ಅದಕ್ಕೊಂದು ಕೈ ಬಿಡುವಾಗಬೇಕು. ಅಂದರೆ ಹಾಳೆ ಮುಗಿಯುವುದು ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಆಗಬೇಕು. ಯಾರ ಉಸಿರು ಎಷ್ಟು ಉದ್ದ ಎಂಬುದು ನನಗೆ ಬಾಯಿಪಾಠವಾಗಿತ್ತು. ಉಸಿರು ಬರುವಲ್ಲಿ ಹಾಳೆ ತುಂಬದಿದ್ದರೆ ಅರ್ಧ ಹಾಳೆ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಇಷ್ಟೆಲ್ಲ ಮಾಡಿದ್ದಕ್ಕೆ ನಮ್ಮ ಯಜಮಾನರು ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಸಾರಿಗೆ ಹೇಳುತ್ತಿದ್ದರು. ಚಟ್ನಿಗೂ ಹೇಳಿದ್ದುಂಟು. ಹಾಳೆಗೆ ಹೇಳಲಿಲ್ಲ.

ಬ್ಯಾಂಡು ನಿಂತು ಎಷ್ಟೋ ವರ್ಷವಾಯಿತು. ನಾನು ಸ್ವರ ಬರೆದಿಟ್ಟ ಪುಸ್ತಕಗಳು ಟ್ರಂಕು ಸೇರಿದವು. ಹೀಗಿರುವಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಮಗಳ ಮಗಳು ಶ್ರಾವ್ಯ ಒಂದು ಸುದ್ದಿ ತಂದಳು. ಬಿ.ಕಾಂ. ಓದುತ್ತಾಳೆ, ಪಿಟೀಲು ಕಲಿಯುತ್ತಾಳೆ. ಅವಳ ಸಂಗೀತ ಶಾಲೆಯ ವಾರ್ಷಿಕೋತ್ಸವಕ್ಕೆ ಹನ್ನೆರಡು ಜನರ ವಾದ್ಯಗೋಷ್ಠಿಯಂತೆ. ಎಲ್ಲರ ಸ್ವರವನ್ನೂ ಇವಳೇ ಹೊಂದಿಸಿದ್ದಾಳಂತೆ. ನಡುವೆ ಒಂದು ದೊಡ್ಡ ಭಾಗ ಕ್ಲಾರಿನೆಟ್ಟಿಗಂತೆ, ಅದನ್ನು ತಾತನೇ ನುಡಿಸಬೇಕಂತೆ. ನನಗಾದ ಸಂತೋಷವನ್ನು ಹೇಗೆ ಹೇಳಲಿ! ತರಕಾರಿಯವನಿಗೆ ಹೇಳಿದೆ, ಗ್ಯಾಸಿನವನಿಗೆ ಹೇಳಿದೆ, ತಪ್ಪು ನಂಬರಿಗೆ ಫೋನು ಮಾಡಿದ ಯಾರೋ ಪುಣ್ಯಾತ್ಮರಿಗೂ ಹೇಳಿದೆ. ಹೇಳಿ ಮುಗಿಸಿ ಟ್ರಂಕು ತೆಗೆದು, ಹೊಸ ಪೆನ್ನು ತರಿಸಿ, ಮೇಜು ಒರೆಸಿಕೊಂಡು ಕೂತೆ. ಹಾಳೆ ಬರೆಯುವವರು ಯಾರು ಎಂಬ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ.

ಭಾನುವಾರ ಬಂದ ಶ್ರಾವ್ಯ ನಾನು ಒರೆಸಿಟ್ಟ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟಳು. ಸ್ವರ ಬರೆಯುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆಯಂತೆ. ಹನ್ನೆರಡು ಜನರ ಸ್ವರವೂ ಒಂದರ ಕೆಳಗೊಂದು ನಿಂತಿದ್ದವು. ಒಂದು ಗುಂಡಿ ಒತ್ತಿದಳು, ಹನ್ನೆರಡೂ ಬೇರೆ ಬೇರೆ ಹಾಳೆಯಾದವು. ಇನ್ನೊಂದು ಒತ್ತಿದಳು, ಕನ್ನಡದ ಸರಿಗಮ ತಮಿಳಾಯಿತು. ನಾನು ಆ ಏಳು ಅಕ್ಷರ ಕಲಿಯಲು ಒಂದು ಬೇಸಿಗೆಯಿಡೀ ಸೆಲ್ವರಾಜರ ಮನೆಗೆ ಹೋಗಿದ್ದೆ. ಒಂದು ಕಡೆ ಸ್ವರ ತಿದ್ದಿದರೆ ಎಲ್ಲ ಕಡೆಯೂ ತಾನೇ ತಿದ್ದಿಕೊಳ್ಳುತ್ತದೆ. ಸಾಲದ್ದಕ್ಕೆ ಅದು ನುಡಿಸಿಯೂ ತೋರಿಸಿತು. ಡಬ್ಬದೊಳಗೆ ಸಿಕ್ಕಿಕೊಂಡ ಸೊಳ್ಳೆಯ ಹಾಗೆ ಕೇಳಿಸಿತು ಎನ್ನುವುದೊಂದೇ ನನಗಿದ್ದ ಸಮಾಧಾನ.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಶ್ರಾವ್ಯ ಪ್ರಿಂಟು ಹಾಕಿಸಿ ತಂದ ಕ್ಲಾರಿನೆಟ್ಟಿನ ಹಾಳೆಯನ್ನು ಯಜಮಾನರು ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಮೇಲೆ ಅಂದರು, “ಏನ್ ಮುದ್ದಾಗಿದೆ ನೋಡೇ ಮಾರಾಯ್ತಿ, ಮುತ್ತು ಜೋಡಿಸಿಟ್ಟಂಗಿದೆ.”

ಮುತ್ತಂತೆ. ಐದು ನಿಮಿಷದ ಹಿಂದೆ ಹುಟ್ಟಿದ ಹಾಳೆಗೆ ಮುತ್ತು. ಸವತಿ ಎಂದರೆ ಹೇಗಿರುತ್ತಾಳೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ತೆಳ್ಳಗಿರುತ್ತಾಳೆ, ಬೆಳ್ಳಗಿರುತ್ತಾಳೆ, ಮಡಿಚಿದರೆ ಚೀಲದೊಳಗೆ ಹಿಡಿಸುತ್ತಾಳೆ. ಕಾಫಿ ಮಾಡಲು ಒಳಗೆ ಹೋದವಳು ಸಕ್ಕರೆ ಹಾಕುವುದನ್ನು ಮರೆತೆ. ಮರೆತೆ ಎಂದೇ ಎಲ್ಲರಿಗೂ ಹೇಳಿದ್ದೇನೆ.

ಈಗ ನಾನು ಹೇಳುವುದು ನನಗೆ ಹೆಮ್ಮೆಯ ಮಾತಲ್ಲ. ಲೋಟ ತೆಗೆಯಲು ಬಂದಾಗ ಆ ಹಾಳೆಯನ್ನು ನಾನೂ ಕದ್ದು ನೋಡಿದೆ. ಮುತ್ತೇನೋ ಮುತ್ತೇ. ಆದರೆ ಮೊದಲ ಹಾಳೆ ಮುಗಿದದ್ದು ಓಡುವ ಸ್ವರಗಳ ನಟ್ಟನಡುವೆ. ಉಸಿರಿಲ್ಲ, ಬಿಡುವಿಲ್ಲ, ಎರಡು ಕೈಯ ಬೆರಳೂ ಕ್ಲಾರಿನೆಟ್ಟಿನ ಮೇಲೆ ಕುಣಿಯುತ್ತಿರುವ ಜಾಗ. ಹಾಳೆ ತುಂಬಿತು ಎಂದು ಯಂತ್ರ ಅಲ್ಲಿ ಕತ್ತರಿಸಿತ್ತು, ಅಷ್ಟೆ. ಅದಕ್ಕೆಲ್ಲಿ ಗೊತ್ತು, ಓದುವವನಿಗೆ ಶ್ವಾಸಕೋಶ ಇರುತ್ತದೆ ಎಂದು? ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದೆ. ಎಡವಲಿ, ಆಗ ಗೊತ್ತಾಗುತ್ತದೆ ಅಂದುಕೊಂಡೆ. ಯಂತ್ರ ಎಡವಲಿ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು. ಯಂತ್ರಕ್ಕೆ ಕಾಲಿಲ್ಲ, ಅದು ಎಡವುವುದಿಲ್ಲ, ಎಡವುವವರು ಬೇರೆಯವರು ಎಂಬುದು ಹೊಳೆಯಲಿಲ್ಲ.

ಮಾರನೆಯ ದಿನ ಶಿವಮೊಗ್ಗದಲ್ಲಿ ಅಭ್ಯಾಸ. ಬಸ್ಸಿನಲ್ಲಿ ಯಜಮಾನರು ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇಸ್ತ್ರಿ ಅಂಗಿ. ಹನ್ನೊಂದು ಮಕ್ಕಳ ನಡುವೆ ಕುರ್ಚಿ ಹಾಕಿ ಕೂರಿಸಿದರು. ಶುರುವೇನೋ ಚೆನ್ನಾಗಿತ್ತು. ಅವರ ಭಾಗ ಬಂತು, ಸ್ವರ ಏರುತ್ತಾ ಏರುತ್ತಾ ಹೋಯಿತು, ಪಿಟೀಲಿನ ಹುಡುಗಿಯರು ಕಮಾನು ಕೆಳಗಿಟ್ಟು ಕೇಳುತ್ತಿದ್ದರು, ಹಾಳೆ ಮುಗಿಯಿತು. ಅವರು ಒಂದು ಕೈ ಬಿಟ್ಟು ಮಗುಚಲು ಹೋದರು. ಕ್ಲಾರಿನೆಟ್ಟು ಕಿರುಚಿತು. ಹಾಳೆ ಫ್ಯಾನಿನ ಗಾಳಿಗೆ ಹಾರಿ ತಬಲಾದ ಹತ್ತಿರ ಹೋಗಿ ಬಿತ್ತು. ಎರಡನೆಯ ಸಲವೂ ಅದೇ ಜಾಗದಲ್ಲಿ ಅದೇ ಕಥೆ. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಯಜಮಾನರು ಕನ್ನಡಕ ತೆಗೆದು ಒರೆಸುತ್ತಾ, ಪೊರೆಯ ಆಪರೇಷನ್ ಆದ ಮೇಲೆ ಕಣ್ಣು ಸ್ವಲ್ಪ ಹಿಂದೆ ಬಿದ್ದಿದೆ ಎಂದರು. ಪಾಠ ಹೇಳುವ ಮೇಡಂ ಒಳ್ಳೆಯ ಹೆಂಗಸು. ಎದ್ದು ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಸರ್, ಕಷ್ಟ ಆದ್ರೆ ಬಿಡಿ. ಆ ಭಾಗ ಕೀಬೋರ್ಡ್‌ನಲ್ಲಿ ಹಾಕ್ಕೊಳ್ತೀವಿ. ನೀವು ಶುರು ಮತ್ತೆ ಕೊನೇದು ನುಡಿಸಿದ್ರೂ ಸಾಕು.”

ಇವರು ಆಗಲಿ ಎಂದು ತಲೆಯಾಡಿಸಿದರು. ಇಸ್ತ್ರಿ ಅಂಗಿಯೊಳಗೆ ಮನುಷ್ಯ ಒಂದು ಅಳತೆ ಸಣ್ಣಗಾದದ್ದು ನಾನು ಗೋಡೆ ಪಕ್ಕದ ಬೆಂಚಿನಿಂದಲೇ ಕಂಡೆ.

ಹೊಟ್ಟೆಕಿಚ್ಚು ಎಂದು ಅದಕ್ಕೆ ಯಾರು ಹೆಸರಿಟ್ಟರೋ. ನನಗೆ ಆಗ ಉರಿದದ್ದು ಹೊಟ್ಟೆಯಲ್ಲಲ್ಲ, ನಾಲಿಗೆಯ ಮೇಲೆ. ಹೇಳಬೇಕಾದ್ದನ್ನು ಹೇಳದೆ ಇಟ್ಟುಕೊಂಡ ಜಾಗದಲ್ಲಿ. ಮಕ್ಕಳು ಟೀ ಕುಡಿಯಲು ಎದ್ದಾಗ ಶ್ರಾವ್ಯಳನ್ನು ಕಿಟಕಿಯ ಹತ್ತಿರ ಕರೆದೆ.

“ತಪ್ಪು ತಾತಂದಲ್ಲ ಕಣೇ, ಹಾಳೇದು. ಓಡೋ ಜಾಗದಲ್ಲಿ ಮುಗಿದುಬಿಟ್ಟಿದೆ. ಕೈಯೇ ಇಲ್ಲ ಮಗುಚೋಕೆ.”

ಅವಳು ಹಾಳೆ ನೋಡಿದಳು. “ಅಯ್ಯೋ, ಹೌದು. ಈಗ ಹೊಳೀತಾ ಅಜ್ಜಿ ನಿಂಗೆ?”

ಹೌದು ಎಂದುಬಿಡಬಹುದಿತ್ತು. “ನಿನ್ನೆಯೇ ನೋಡಿದ್ದೆ,” ಎಂದೆ.

“ಮತ್ತೆ ಹೇಳ್ಬಾರ್ದಿತ್ತಾ?”

“ನಿಮ್ಮ ತಾತ ಅದನ್ನ ಮುತ್ತು ಅಂದ್ರಲ್ಲ.”

ಹುಡುಗಿ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಲ್ಯಾಪ್‌ಟಾಪ್ ತೆಗೆದಳು, ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೆ ಹಾಕಿದಳು. “ಕೂತ್ಕೋ. ಎಲ್ಲಿ ಕಡೀಬೇಕು ಹೇಳು.”

ನಾನು ಬೆರಳಿಟ್ಟು ತೋರಿಸಿದೆ. ಅವಳು ಒಂದು ಗುಂಡಿ ಒತ್ತಿದಳು, ಹಾಳೆ ಅಲ್ಲೇ ಮುಗಿಯಿತು! ಅರ್ಧ ಹಾಳೆ ಖಾಲಿ ಉಳಿಯಿತು, ಇರಲಿ ಬಿಡು ಎಂದೆ. ಅಕ್ಷರ ದಪ್ಪ ಮಾಡು ಎಂದೆ, ಮಾಡಿತು. ಸಾಲುಗಳ ನಡುವೆ ಜಾಗ ಬಿಡು ಎಂದೆ, ಬಿಟ್ಟಿತು. ಯಜಮಾನರು ಸುಮ್ಮನಿರಬೇಕಾದ ಕಡೆ ಯಂತ್ರ ಮೂವತ್ತೆರಡು ಎಂದೊಂದು ಅಂಕಿ ಹಾಕಿ ಕೈತೊಳೆದುಕೊಂಡಿತ್ತು. ಮೂವತ್ತೆರಡು ಎಣಿಸುತ್ತಾ ಕೂರಲು ಅವರೇನು ಶಾಲೆಯ ಹುಡುಗನೇ? ಪಿಟೀಲು ಮೇಲೆ ಹೋಗಿ ಇಳಿಯುವ ಕೊನೆಯ ನಾಲ್ಕು ಸ್ವರವನ್ನು ಅಲ್ಲಿ ಚಿಕ್ಕದಾಗಿ ಬರೆ, ಅದು ಕಿವಿಗೆ ಬಿದ್ದಾಗ ಕ್ಲಾರಿನೆಟ್ಟು ಬಾಯಿಗೆ ಬರುತ್ತದೆ ಎಂದೆ. ಸೆಲ್ವರಾಜರ ಬೆನ್ನಿನ ಮೇಲೂ ಹಾಗೇ ಬರೆಯುತ್ತಿದ್ದೆ. ಹೇಳಿದ ಮಾತನ್ನು ಇಷ್ಟು ಕೇಳುವವರು ನಮ್ಮ ಮನೆಯಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಆ ಸವತಿಯ ಮೇಲೆ ನನಗೆ ಮೆಲ್ಲನೆ ಪ್ರೀತಿ ಹುಟ್ಟತೊಡಗಿತು. ಕೊಳಲಿನ ಹುಡುಗಿ ಟೀ ಲೋಟ ಹಿಡಿದುಕೊಂಡೇ ಬಂದು, “ಅಜ್ಜಿ, ನನ್ನ ಹಾಳೇನೂ ಸ್ವಲ್ಪ ನೋಡಿ. ನಂಗೂ ಅಲ್ಲೇ ಕೈ ಸಾಲಲ್ಲ,” ಎಂದಳು. ಪಿಟೀಲಿನವರೂ ಬಂದರು. ಐದನೇ ಕ್ಲಾಸು ಪೂರ್ತಿ ಮಾಡಿದೆನೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹೊಸ ಹಾಳೆ ಬಂತು. ಇದೊಂದು ಸಲ ನೋಡಿ ಸರ್ ಎಂದು ಮೇಡಂ ಕೇಳಿಕೊಂಡರು. ಯಜಮಾನರು ನುಡಿಸಿದರು. ಏರಿತು, ಓಡಿತು, ಇಳಿದು ಒಂದು ಕಡೆ ನಿಂತಿತು. ನಿಂತಲ್ಲಿ ಹಾಳೆ ಮಗುಚಿದರು, ಕನ್ನಡಕವನ್ನೂ ಮೇಲೆ ತಳ್ಳಿಕೊಂಡರು, ಅಷ್ಟು ಹೊತ್ತಿತ್ತು. ಮುಂದಕ್ಕೆ ಹೋದರು. ಕೀಬೋರ್ಡಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ವಾರ್ಷಿಕೋತ್ಸವದ ದಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಬರೆಯಲು ಹೊರಟರೆ ಇನ್ನೊಂದು ಪುಸ್ತಕ ಬೇಕಾಗುತ್ತದೆ. ಆ ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ನನ್ನದೇ.

ಆದರೆ ಅಭ್ಯಾಸ ಮುಗಿಸಿ ಬಸ್ಸಿನಲ್ಲಿ ವಾಪಸು ಬರುವಾಗ ನಡೆದದ್ದನ್ನು ಹೇಳಬೇಕು. ನಾನು ಅವರಿಗೂ ತಪ್ಪೊಪ್ಪಿಕೊಂಡೆ. ನಿನ್ನೆಯೇ ಗೊತ್ತಿತ್ತು, ಸುಮ್ಮನಿದ್ದೆ ಎಂದೆ. ಅವರು ಸಿಟ್ಟಾಗಲಿಲ್ಲ. ಸಕ್ಕರೆ ಇಲ್ಲದ ಕಾಫಿ ಕುಡಿದಾಗಲೇ ಏನೋ ಇದೆ ಅನ್ನಿಸಿತ್ತು ಎಂದರು. ಹೊಸ ಹಾಳೆ ಹೇಗಿತ್ತು ಎಂದು ಕೇಳಿದೆ. ಮುತ್ತು ಅನ್ನುತ್ತಾರೇನೋ ಎಂದು ಕಾದೆ.

ಅವರು ಕಿಟಕಿಯಾಚೆ ನೋಡಿ ಯೋಚಿಸಿದರು. “ಹಾಳೆ? ಹಾಳೆ ನೋಡಿದ್ದೇ ನೆನಪಿಲ್ಲ ಮಾರಾಯ್ತಿ. ನುಡಿಸ್ತಾ ಇದ್ದೆ, ಅಷ್ಟೆ. ಹಿಂದೆ ನೀನು ಬರ್ಕೊಡ್ತಿದ್ದಾಗ್ಲೂ ಹಂಗೇ ಇರ್ತಿತ್ತಲ್ಲ.”

ಮೂವತ್ತೈದು ವರ್ಷ ಸಾರನ್ನು ಹೊಗಳಿ ಹಾಳೆಯನ್ನು ಬಿಟ್ಟ ಮನುಷ್ಯನ ಮೇಲೆ ನಾನು ಇಟ್ಟುಕೊಂಡಿದ್ದ ದೂರು, ಕಾಗದನಗರದ ಸ್ಟಾಪು ಬರುವುದರೊಳಗೆ ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ನೀವು ಅಂದುಕೊಂಡರೆ ನನ್ನನ್ನು ಸರಿಯಾಗಿ ತಿಳಿದಿಲ್ಲ ಎಂದಾಯಿತು. ಮೊನ್ನೆ ಶ್ರಾವ್ಯ ಬಂದಿದ್ದಳು. ನಾನು ಹೇಳಿದ ಅಕ್ಷರದ ಗಾತ್ರ, ಸಾಲಿನ ಜಾಗ ಎಲ್ಲವನ್ನೂ ಸೇರಿಸಿ ಸಾಫ್ಟ್‌ವೇರಿನೊಳಗೆ ಒಂದು ಹೆಸರು ಕೊಟ್ಟು ಇಟ್ಟಿದ್ದಾಳೆ. ಹೊಸ ಹಾಡು ಹಾಕಿ ಆ ಹೆಸರು ಒತ್ತಿದರೆ ಹಾಳೆಯೆಲ್ಲ ನನ್ನ ರೀತಿಗೆ ಬಂದು ನಿಲ್ಲುತ್ತದೆ. ಎಲ್ಲಿ ಕಡಿಯಬೇಕು ಎಂಬುದನ್ನು ಮಾತ್ರ ಇನ್ನೂ ನನ್ನನ್ನೇ ಕೇಳಬೇಕು. ಹೆಸರು ‘ಅಜ್ಜಿ’ ಎಂದಿದೆ. ಮೇಡಂ ಅದನ್ನು ತಮ್ಮ ಕಂಪ್ಯೂಟರಿಗೂ ಹಾಕಿಸಿಕೊಂಡಿದ್ದಾರಂತೆ. ಸಂತೋಷಕ್ಕೆ ಮತ್ತೆ ತರಕಾರಿಯವನನ್ನು ನಿಲ್ಲಿಸಿ ಹೇಳಿದೆ.

ಅವಳು ಹೋದ ಮೇಲೆ ಕೂತು ಬೆರಳಿನ ಗಂಟನ್ನು ಸವರಿಕೊಂಡೆ. ಚಳಿಗಾಲದಲ್ಲಿ ಅದು ನೋಯುತ್ತದೆ. ಯಂತ್ರದೊಳಗಿನ ಆ ಅಜ್ಜಿಯನ್ನು ನೆನೆಸಿಕೊಂಡೆ. ಒಂದೇ ಹೊತ್ತಿಗೆ ಎರಡು ಕಡೆ ಬರೆಯುತ್ತಾಳೆ, ತಮಿಳಿನಲ್ಲಿ ನಿರರ್ಗಳ, ಬೆರಳಿನಲ್ಲಿ ಗಂಟಿಲ್ಲ. ನಿಜ ಹೇಳಲೇ? ಈಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಅವಳ ಮೇಲೆ.