ಸಾಲಿನ ಕೊನೆ ಹಿಡಿಯುವವರು

ಅಮೆರಿಕದವರು ಕಂಟ್ರಿ ಎಂದು ಕರೆಯುವ ಹಳ್ಳಿಗಾಡಿನ ಸಂಗೀತ ನನಗೆ ಹತ್ತಿದ್ದು ಗಲ್ಫ್ ನೌಕರಿಯ ಕಾಲದಲ್ಲಿ. ನನ್ನ ಮದುವೆಗೆಂದು ಊರಾದ ಕಾಪುವಿಗೆ ಬಂದಾಗ ಪೆಟ್ಟಿಗೆಯ ಅರ್ಧದಷ್ಟು ಕ್ಯಾಸೆಟ್‌ಗಳೇ ಇದ್ದವು. ಮದುವೆಯ ಹಿಂದಿನ ಸಂಜೆ ನಮ್ಮ ಅಂಗಳದಲ್ಲಿ ರೋಸ್ ನಡೆಯಿತು. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುಮಗನಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರವದು. ಆಗ ಹೆಂಗಸೊಬ್ಬಳು ವೊವಿಯೊ ಎಂಬ ಹಾಡು ಹೇಳಬೇಕು, ಉಳಿದ ಹೆಂಗಸರು ಪ್ರತಿ ಸಾಲಿನ ಕೊನೆಯನ್ನು ಹಿಡಿದು ಮತ್ತೆ ಹೇಳಬೇಕು. ನಮ್ಮ ಮನೆಯಲ್ಲಿ ಹೇಳುವವಳು ನನ್ನ ಅಕ್ಕ. ಅಂದು ಉತ್ಸಾಹ ತಡೆಯಲಾರದೆ, ಕ್ಯಾಸೆಟ್ಟಿನಲ್ಲಿ ಕೇಳಿದ ರೀತಿಯಲ್ಲಿ, ಅವಳ ದನಿಯ ಕೆಳಗೆ ನನ್ನದೊಂದು ದನಿ ಸೇರಿಸಿದೆ. ಅಕ್ಕ ಹಾಡು ನಿಲ್ಲಿಸಿದಳು.

“ನಿನ್ನ ಆ ದನ ಕಾಯುವವರ ರಾಗ ಇಲ್ಲಿ ಬೇಡ ಮಾರಾಯ. ಮದುಮಗ ಬಾಯಿ ಮುಚ್ಚಿ ಕೂತರೆ ಸಾಕು.”

ಅಂಗಳವೆಲ್ಲ ನಕ್ಕಿತು. ಯಾರು ಗಟ್ಟಿಯಾಗಿ ನಕ್ಕರು, ಯಾರು ಸೆರಗಿನ ಮರೆಯಲ್ಲಿ ನಕ್ಕರು ಎಂಬುದು ನನಗೆ ಇಂದಿಗೂ ನೆನಪಿದೆ. ಅವರಲ್ಲಿ ಹೆಚ್ಚಿನವರು ಈಗಿಲ್ಲ. ಅದರಿಂದ ಅವರ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ.

ಕಳೆದ ಮಳೆಗಾಲದಲ್ಲಿ, ಕಾರ್ಕಳದಲ್ಲಿರುವ ಆ ಅಕ್ಕನ ಗಂಟಲಿನಲ್ಲಿ ಗಂಟೊಂದು ಕಾಣಿಸಿಕೊಂಡಿತು. ಅದನ್ನು ತೆಗೆಯಲೇಬೇಕು, ತೆಗೆದ ಮೇಲೆ ದನಿ ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾಗದು ಎಂದರು ಮಣಿಪಾಲದ ವೈದ್ಯರು. ಹೇಳಿದ್ದು ಅವಳಿಗೆ, ಬೆವರಿದ್ದು ಪಕ್ಕದಲ್ಲಿ ಕುಳಿತಿದ್ದ ನಾನು. ವೊವಿಯೊ ಹಾಡುಗಳನ್ನು ಅವಳು ಯಾರಿಗೂ ಕಲಿಸಿರಲಿಲ್ಲ. ಕೇಳಿದವರಿಗೆಲ್ಲ, ನಾನಿರುವಾಗ ನಿಮಗೆ ಯಾಕೆ ಎನ್ನುತ್ತಿದ್ದಳು.

ಅಲೆವೂರಿನ ನನ್ನ ಮನೆಯಲ್ಲಿ ನಾನು ನಿದ್ದೆಗೆಟ್ಟಿರುವುದನ್ನು ತಿಳಿದು, ಅಕ್ಕನ ಮಗಳು ನನ್ನ ಫೋನಿಗೆ ಒಂದು ಆಲ್ಬಮ್ ಕಳುಹಿಸಿದಳು. “ಮಾಮಾ, ನಿಮಗೆ ಬೇಕಾದಂಥದ್ದೇ ಉಂಟು. ಮಮ್ಮಿಯ ಚಿಂತೆ ಸ್ವಲ್ಪ ಬಿಟ್ಟು ಕೇಳಿ” ಎಂದಳು. ಚಿಂತೆಯೇನು ಫ್ಯಾನಿನ ಸ್ವಿಚ್ಚೇ, ಒತ್ತಿದರೆ ನಿಲ್ಲಲು?

ಹಾಡುಗಳನ್ನು ತಾನೇ ಬರೆದು ಹಾಡಿದ, ನಡುವಯಸ್ಸು ದಾಟಿದ ಹೆಂಗಸಿನ ಆಲ್ಬಮ್ ಅದು. ಮುಚ್ಚಿದ ಗಿರಣಿ, ಮಾರಲು ಮನಸ್ಸಾಗದ ಹಳೆಯ ಲಾರಿ, ತಾಯಿ ಸತ್ತ ಮೇಲೂ ಅವಳ ಕೈಯ ಜಿಡ್ಡು ಹೋಗದ ಅಡುಗೆಮನೆಯ ಬಾಗಿಲು: ಇಂಥವೇ ವಸ್ತುಗಳು. ಬಾಗಿಲಿನದೇ ಮೊದಲ ಹಾಡು. ಅದರಲ್ಲೇ, ಮೇಲಿನ ಸ್ವರಕ್ಕೆ ಏರುವಾಗ ಅವಳ ದನಿ ಒಡೆಯಿತು. ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದರು. ಅಕ್ಕನ ಗಂಟಲು ನೆನಪಾಗಿ ಫೋನನ್ನು ಮಗುಚಿಟ್ಟೆ. ಮರುದಿನ ಹೆದರುತ್ತಲೇ ಮತ್ತೆ ಕೇಳಿದೆ.

ಆಗ ಕಿವಿಗೆ ಬಿದ್ದದ್ದು ಹಿನ್ನೆಲೆಯ ಗಿಟಾರು. ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಬಗೆಯದು. ಅವಳು ಸಾಲು ಮುಗಿಸಿದೊಡನೆ ಅದು ಆ ಸಾಲಿನ ಬಾಲವನ್ನು ಹಿಡಿದು ಎಳೆಯುತ್ತದೆ, ಅವಳು ಉಸಿರು ತೆಗೆದುಕೊಳ್ಳುವವರೆಗೆ ಬಿಡುವುದಿಲ್ಲ. ರೋಸಿನಲ್ಲಿ ನಮ್ಮ ಹೆಂಗಸರು ಮಾಡುವುದು ಇದನ್ನೇ. ಹೇಳುವವಳು ಮುಂದಿನ ಸಾಲನ್ನು ಹುಡುಕಿಕೊಳ್ಳಲೆಂದು ಹಿಂದಿನದನ್ನು ಕೆಳಗೆ ಬೀಳಗೊಡದೆ ಹಿಡಿದಿರುತ್ತಾರೆ. ಐದನೆಯ ಹಾಡಿನ ಡ್ರಮ್ಮನ್ನು ನಾನು ಕ್ಷಮಿಸಲಾರೆ. ಉಳಿದಂತೆ ಆ ಆಲ್ಬಮ್ಮಿನಲ್ಲಿ ನನಗೆ ದೋಷ ಸಿಗಲಿಲ್ಲ. ಹಾಗೆಂದು ನಾನು ಉದಾರ ಮನಸ್ಸಿನವನೇನಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಆಸ್ಪತ್ರೆಯ ಹಾಸಿಗೆಯ ಬಳಿ ಅದನ್ನು ಹಾಕಿದೆ.

“ಎಂತ ಅದು?” ಎಂದಳು ಅಕ್ಕ.

“ದನ ಕಾಯುವವರ ರಾಗ.”

ತಾನೇ ಅಂದ ಮಾತು ಅವಳಿಗೆ ನೆನಪೇ ಇರಲಿಲ್ಲ! ಇಷ್ಟು ವರ್ಷ ಅದನ್ನು ನಾನೊಬ್ಬನೇ ಹೊತ್ತಿದ್ದೆನೆಂದಾಯಿತು. ಅವಳು ಕಣ್ಣು ಮುಚ್ಚಿ ಕೇಳಿದಳು.

“ಇವಳ ಗಂಟಲೂ ಹೋಗಿದೆ, ಅಲ್ವಾ?”

“ಹೋಗಿಲ್ಲ. ಅವಳು ಹಾಡುವುದೇ ಹಾಗೆ.”

“ಒಡೆದ ದನಿಯನ್ನು ಊರಿಗೆಲ್ಲ ಕೇಳಿಸುವುದುಂಟಾ? ಧೈರ್ಯ ಬೇಕು ಮಾರಾಯ.” ನನ್ನ ಮಣಿಕಟ್ಟನ್ನು ಹಿಡಿದಳು. “ನನ್ನಿಂದ ಆಗಲಿಕ್ಕಿಲ್ಲ.”

ಗಂಟನ್ನು ತೆಗೆದರು; ಅದು ಕ್ಯಾನ್ಸರ್ ಅಲ್ಲವೆಂದು ಆಮೇಲೆ ತಿಳಿಯಿತು. ಆದರೆ ಮಾತನಾಡಬಾರದೆಂಬ ಅವಧಿ ಮುಗಿದು, ವೈದ್ಯರು ಅನುಮತಿ ಕೊಟ್ಟ ಮೇಲೂ ಅಕ್ಕ ಬಾಯಿ ತೆರೆಯಲಿಲ್ಲ. ಕೈಸನ್ನೆಯಲ್ಲೇ ಚಹಾ ಕೇಳುತ್ತಿದ್ದಳು, ಕೈಸನ್ನೆಯಲ್ಲೇ ಗದರುತ್ತಿದ್ದಳು. “ದನಿ ಉಂಟೋ ಇಲ್ಲವೋ ನೋಡಲಿಕ್ಕೇ ಹೆದರುತ್ತಾರೆ, ಮಾಮಾ. ನೀವು ಬನ್ನಿ” ಎಂದು ಅವಳ ಮಗಳು ಫೋನು ಮಾಡಿದಳು.

ಕಾರ್ಕಳಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಕುಳಿತಿದ್ದಳು. ಮತ್ತೆ ಆ ಆಲ್ಬಮ್ಮನ್ನೇ ಹಾಕಿದೆ. ಬಾಗಿಲಿನ ಹಾಡು ಬಂತು, ದನಿ ಒಡೆಯುವ ಜಾಗವೂ ಬಂತು. ಅಕ್ಕ ಕೈಚಾಚಿ ಫೋನನ್ನು ನಿಲ್ಲಿಸಿದಳು. ನಂತರ, ವೊವಿಯೊ ಆರಂಭಿಸುವ ಮೊದಲು ಮಾಡುವಂತೆ, ಶಿಲುಬೆಯ ಗುರುತು ಹಾಕಿಕೊಂಡಳು.

ಮೊದಲು ಬಂದದ್ದು ಬರಿಯ ಗಾಳಿ. ಆಮೇಲೆ ಮರಳಿನ ಮೇಲೆ ದೋಣಿ ಎಳೆದಂಥ ತಗ್ಗು ದನಿ. ಒಂದು ಸಾಲಿನ ಕೊನೆಯವರೆಗೆ ಹೇಗೋ ಬಂದು ನಿಂತಳು. ಹಿಡಿಯಲು ಅಲ್ಲಿ ಬೇರೆ ಹೆಂಗಸರಿರಲಿಲ್ಲ; ಮಗಳಿಗೆ ಹಿಡಿದು ಅಭ್ಯಾಸವಿಲ್ಲ. ಅಕ್ಕ ನನ್ನನ್ನು ನೋಡಿದಳು. ಬಾಯಿ ತೆರೆದರೆ ಅಂದಿನಂತೆಯೇ ತಡೆದಾಳೆಂಬ ಭಯ ಈ ವಯಸ್ಸಿನಲ್ಲೂ ಬಂತು. ಆದರೂ ಸಾಲಿನ ಕೊನೆಯನ್ನು ಹಿಡಿದೆ.

“ಮೆಲ್ಲಗೆ” ಎಂದಳು, ಅದೇ ಒಡಕು ದನಿಯಲ್ಲಿ. “ನೀನು ಎಳೆಯುವುದು ಜಾಸ್ತಿ.”

ಇದನ್ನೂ ನಾನು ಮರೆಯುವುದಿಲ್ಲ. ಅವಳು ಮುಂದಿನ ಸಾಲಿಗೆಂದು ಉಸಿರೆಳೆದುಕೊಂಡಳು. ಅದು ಬರುತ್ತದೋ ಇಲ್ಲವೋ ಎಂದು ಕಾಯುತ್ತ, ಹಿಂದಿನ ಸಾಲಿನ ಕೊನೆಯ ಪದವನ್ನು ಮೆಲ್ಲಗೆ, ಬಿಡದೆ ಹಿಡಿದೇ ಇದ್ದೆ.